ಪಿತೃಸ್ಥಾನಕ್ಕೆ ಕೂತ ಗುರುಚರಣಾಚಾರ್ಯರು

ಮೊದಲೇ ಹೇಳಿಬಿಡುತ್ತೇನೆ. ಹಿಂದಿನ ಸಲ ಹೇಳಿದ್ದಕ್ಕೆ "ಅಜ್ಜನಿಗೆ ಇಸವಿ ತಪ್ಪುತ್ತೆ, ಅವರದನ್ನು ಇವರಿಗೆ ಅಂಟಿಸಿ ಹೇಳ್ತಾರೆ" ಅಂತ ವಾಟ್ಸಾಪ್ ಗುಂಪಿನಲ್ಲಿ ಬರೆದವರು ಯಾರು ಅಂತ ಗೊತ್ತು. ಮೊನ್ನೆ ಏನು ಉಂಡಿರಿ ಅಂತ ಕೇಳಿದರೆ ಫೋನು ತೆಗೆದು ಫೋಟೋ ನೋಡಿ ಹೇಳುವ ಜನ ನೀವು, ನನ್ನ ನೆನಪಿಗೆ ಸಾಕ್ಷಿ ಕೇಳುತ್ತೀರಿ. ಸುನಾಮಿ ಬಂದ ಮೇಲಿನ ಎರಡನೆಯ ಪಕ್ಷಮಾಸ, ಆಯಿತಾ? ಸುಘೋಷನ ಮನಸ್ಸಿನೊಳಗೆ ಇದ್ದದ್ದು ನಿಮಗೆ ಹೇಗೆ ತಿಳಿಯಿತು ಅನ್ನುವವರಿಗೂ ಉತ್ತರ ಇದೆ. ಅವನೇ ಹೇಳಿದ, ಬೆಸೆಂಟ್ ನಗರದ ಮರಳಿನ ಮೇಲೆ ಕೂತು, ಸಮುದ್ರದ ಕಡೆ ಮುಖ ಮಾಡಿಕೊಂಡು. ಹೇಳಿ ಮುಗಿಸಿ ಪಂಚೆಯ ಮರಳು ಕೊಡವಿ ಎದ್ದು ಹೋದ. ಅನುಮಾನ ಇರುವವರು ಇಲ್ಲಿಗೇ ನಿಲ್ಲಿಸಿ, ಹಾಡು ಕೇಳಿ. ಉಳಿದವರು ಸುಮ್ಮನೆ ಕೇಳಿ.

ಆ ಬೆಳಿಗ್ಗೆ ಸುಘೋಷ ಮಡಿಪಂಚೆ ಉಟ್ಟು ಹಜಾರದ ನಡುವೆ ನಿಂತಿದ್ದ. ನಿಂತೇ ಇದ್ದ. ಕುರ್ಚಿ ಮುಟ್ಟುವ ಹಾಗಿಲ್ಲ, ಗೋಡೆಗೆ ಒರಗುವ ಹಾಗಿಲ್ಲ, ಹೊಟ್ಟೆಗೆ ನೀರು ಸಹ ಬಿದ್ದಿಲ್ಲ. ಅಪ್ಪನ ಪಕ್ಷ. ಮೈಲಾಪೂರದ ಆ ಹಳೆಯ ಫ್ಲಾಟಿಗೆ ಸೆಪ್ಟೆಂಬರಿನ ಸೆಕೆ ಒಮ್ಮೆ ಒಳಗೆ ಬಂದರೆ ಹೊರಗೆ ಹೋಗುವ ದಾರಿ ಇರಲಿಲ್ಲ. ಬೆನ್ನಿನ ಮೇಲೆ ಬೆವರು ಹುಳದ ಹಾಗೆ ಇಳಿಯುತ್ತಿತ್ತು, ಒರೆಸಿಕೊಳ್ಳೋಣವೆಂದರೆ ಟವೆಲು ಮೈಲಿಗೆಯದು. ಅಡುಗೆಮನೆಯಲ್ಲಿ ಅವನ ತಾಯಿ ಜಯಲಕ್ಷ್ಮೀ ಬೆಳಗಿನ ಜಾವದಿಂದ ಮಡಿಯಲ್ಲಿ ಬೇಯಿಸುತ್ತಿದ್ದರು. ಹಾಗಲಕಾಯಿಯ ಕಹಿ ವಾಸನೆ, ಹುರಿದ ಎಳ್ಳಿನ ವಾಸನೆ, ಅದರ ಮೇಲೆ ವಡೆಯ ಎಣ್ಣೆ. ಅವನು ಆ ಬಾಗಿಲಿನ ಕಡೆ ಒಂದು ಹೆಜ್ಜೆ ಇಟ್ಟರೂ ಸಾಕು, ಬೆನ್ನು ತಿರುಗಿಸದೆಯೇ ಆಕೆಗೆ ಗೊತ್ತಾಗುತ್ತಿತ್ತು. "ಅಲ್ಲೇ ನಿಲ್ಲೋ. ಹೊಸ್ತಿಲು ದಾಟ್ಬೇಡ. ನೀನು ಏನ್ ಮುಟ್ಟಿದೀಯೋ, ಯಾವ ವೈರು ಹಿಡಿದಿದೀಯೋ, ಯಾರಿಗೆ ತೆರಿಯುತ್ತೆ." ತೆರಿಯುತ್ತೆ ಅಂದರೆ ಗೊತ್ತಾಗುತ್ತೆ, ತಮಿಳಿನ ಮಾತು. ನಾಲ್ಕು ತಲೆಮಾರು ಮದರಾಸಿನಲ್ಲಿ ಕಳೆದ ಮನೆಯ ಕನ್ನಡ ಹಾಗೇ ಇತ್ತು. ಕಂಪ್ಯೂಟರು ಮುಟ್ಟಿದವನು ಸ್ನಾನ ಮಾಡಿದರೂ ಅರ್ಧ ಮೈಲಿಗೆ ಅಂತ ಆಕೆಯ ನಂಬಿಕೆ. ಅವನು ನಗುತ್ತಿದ್ದ ಕಾಲವೊಂದಿತ್ತು. ಈಗ ಆ ಮಾತು ಕೇಳಿದರೆ ತನ್ನ ಅಂಗೈ ನೋಡಿಕೊಳ್ಳುತ್ತಿದ್ದ.

ಹೊಸ ಪುರೋಹಿತರು ತಿರುಮಲಾಚಾರ್ ದರ್ಭೆ ಹರಡುತ್ತಾ ಮೊಬೈಲಿನಲ್ಲಿ ಮಾತಾಡುತ್ತಿದ್ದರು. ಶ್ರಾದ್ಧಕ್ಕೆ ಇಬ್ಬರು ಬ್ರಾಹ್ಮಣರು ಬೇಕು. ಒಬ್ಬರು ದೇವತೆಗಳ ಜಾಗದಲ್ಲಿ ಕೂರುವವರು, ಇನ್ನೊಬ್ಬರು ಸತ್ತವರ ಜಾಗದಲ್ಲಿ ಕೂತು ಸತ್ತವರ ಪಾಲು ಉಣ್ಣುವವರು. ಪಕ್ಷಮಾಸದಲ್ಲಿ ಮನೆಮನೆಗೂ ಶ್ರಾದ್ಧ, ಕೂರುವ ಜನಕ್ಕೆ ಮೈಲಾಪೂರದಲ್ಲಿ ಎಳೆದಾಟ. ದೇವತೆಗಳ ಜಾಗಕ್ಕೆ ಒಬ್ಬ ಹಲ್ಲಿಲ್ಲದ ಮುದುಕರು ಆಗಲೇ ಬಂದು ಮೂಲೆಯಲ್ಲಿ ಕೂತಿದ್ದರು. ಪಿತೃಸ್ಥಾನದವರು ತಾಂಬರದಲ್ಲಿ ಇನ್ನೊಂದು ಮನೆಗೆ ಸಿಕ್ಕಿಹಾಕಿಕೊಂಡಿದ್ದರು. "ಬಿಡಿ, ಇನ್ನೊಬ್ಬರಿಗೆ ಹೇಳಿದೀನಿ, ಇಲ್ಲೇ ಪಕ್ಕದ ಬೀದಿಯವರು," ಅಂದರು ತಿರುಮಲಾಚಾರ್, "ಈಗೆಲ್ಲ ಅವರು ಖಾಲಿಯಾಗೇ ಇರ್ತಾರೆ." ಆ ಖಾಲಿ ಅನ್ನುವ ಮಾತಿಗೇ ಸುಘೋಷನಿಗೆ ಯಾರು ಬರುತ್ತಾರೆ ಅಂತ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಕರೆಗಂಟೆಯ ಶಬ್ದ ಆಯಿತು, ಬಾಗಿಲಲ್ಲಿ ಗುರುಚರಣಾಚಾರ್ಯರು ನಿಂತಿದ್ದರು.

ಅವರು ಈ ಮನೆಯ ಪುರೋಹಿತರು. ಅಲ್ಲ, ಆಗಿದ್ದವರು. ಸುಘೋಷನ ಅಪ್ಪನ ಮದುವೆ ಅವರ ತಂದೆ ಮಾಡಿಸಿದ್ದು, ಸುಘೋಷನ ಉಪನಯನ ಇವರು ಮಾಡಿಸಿದ್ದು, ಅಪ್ಪನ ಹನ್ನೊಂದನೆಯ ದಿನ ಅವನ ಹೆಗಲ ಮೇಲೆ ಕೈ ಇಟ್ಟು ಕೂರಿಸಿದ್ದು ಇವರು. ಪುರೋಹಿತರಾಗಿ ಬರುವಾಗ ಅವರು ಮೆಟ್ಟಿಲ ಮೇಲಿಂದಲೇ ಗದರುತ್ತಾ ಬರುತ್ತಿದ್ದರು, ದರ್ಭೆ ಎಲ್ಲಿ, ಹಾಲು ಎಲ್ಲಿ ಅಂತ. ಈಗ ಊಟಕ್ಕೆ ಕೂರುವವರಾಗಿ ಬಂದಿದ್ದರು. ಚಪ್ಪಲಿಯನ್ನು ಬಾಗಿಲಿಂದ ತುಂಬ ದೂರದಲ್ಲಿ ಬಿಟ್ಟು, ತಿರುಮಲಾಚಾರ್ ಸನ್ನೆ ಮಾಡುವ ತನಕ ಒಳಗೆ ಬರಲಿಲ್ಲ. ಅಡುಗೆಮನೆಯ ಬಾಗಿಲಿನಲ್ಲಿ ಜಯಲಕ್ಷ್ಮೀ ಒಂದು ಗಳಿಗೆ ಕಾಣಿಸಿಕೊಂಡರು, ಕೈಯಲ್ಲಿ ಜಾಲರಿಸೌಟು, ಎಣ್ಣೆ ತೊಟ್ಟಿಕ್ಕುತ್ತಿತ್ತು. ಪಿತೃಗಳ ಹೆಸರಿನಲ್ಲಿ ಹೊಸ್ತಿಲಿಗೆ ಬಂದವರನ್ನು ಹಿಂದೆ ಕಳಿಸುವ ಹಾಗಿಲ್ಲ. "ತಿರುಮಲಾಚಾರ್ರೇ, ಹೊತ್ತಾಯ್ತು, ಶುರು ಮಾಡಿ," ಅಂತಷ್ಟೇ ಅಂದು ಒಳಗೆ ಹೋದರು. ಬಂದವರಿಗೆ 'ಬನ್ನಿ' ಅನ್ನಲಿಲ್ಲ. ಸುಘೋಷನೂ ಅನ್ನಲಿಲ್ಲ.

ಎಲ್ಲದಕ್ಕೂ ಕಾರಣ ಎರಡು ಸಾಲು. ಅವನು ಪೆರುಂಗುಡಿಯ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುತ್ತಾ, ಶನಿವಾರ ಭಾನುವಾರ ಪುರುಸೊತ್ತಿನಲ್ಲಿ, ಮದರಾಸಿನ ಮಾಧ್ವರ ಬಳಗಕ್ಕೆ ಒಂದು ವೆಬ್‌ಸೈಟು ಮಾಡಿಕೊಟ್ಟಿದ್ದ. ದಿನದ ತಿಥಿ, ಏಕಾದಶಿ ಯಾವತ್ತು, ಯಾರ ಮನೆಯಲ್ಲಿ ಯಾರು ಹೋದರು, ಯಾರ ಮಗಳಿಗೆ ಗಂಡು ಬೇಕು. ಬಳಗದವರು ಹೆಸರು, ಪಾಸ್‌ವರ್ಡು ಕೊಟ್ಟು ಒಳಗೆ ಹೋಗಬೇಕು. ಜಾತಕ ಹಾಕುವ ಸೌಲಭ್ಯವೂ ಇರಲಿ ಅಂತ ಹಿರಿಯರು ಕೇಳಿದಾಗ ಅವನು ತಾನೇ ಬರೆಯಲು ಹೋಗಲಿಲ್ಲ. ಯಾರೋ ಪುಣ್ಯಾತ್ಮ ಜಾತಕದ ಪೆಟ್ಟಿಗೆಯೊಂದನ್ನು ಮಾಡಿ ಬಿಟ್ಟಿಯಾಗಿ ಹಂಚುತ್ತಿದ್ದ. ಅವನು ಕೊಡುವ ಎರಡು ಸಾಲು ಕೋಡನ್ನು ನಿಮ್ಮ ಪುಟದಲ್ಲಿ ಅಂಟಿಸಿದರೆ ಸಾಕು, ಪುಟ ತೆರೆದಾಗಲೆಲ್ಲ ಅವನ ಸರ್ವರಿನಿಂದ ಪೆಟ್ಟಿಗೆ ಬಂದು ಕೂರುತ್ತದೆ. ಹೆಸರು, ಹುಟ್ಟಿದ ದಿನ, ಹೊತ್ತು, ಊರು ಹಾಕಿದರೆ ಕುಂಡಲಿ. ಸುಘೋಷ ಎಚ್ಚರದ ಹುಡುಗ. ಆ ಸಾಲುಗಳು ಏನನ್ನು ತರುತ್ತವೆ ಅಂತ ಬಿಚ್ಚಿ ಪೂರ್ತಿ ಓದಿದ. ಲೆಕ್ಕವೆಲ್ಲ ನೋಡುವವನ ಸ್ಕ್ರೀನಿನಲ್ಲೇ ನಡೆಯುತ್ತಿತ್ತು, ಏನೂ ಹೊರಗೆ ಹೋಗುತ್ತಿರಲಿಲ್ಲ. ಸಮಾಧಾನವಾಗಿ ಅಂಟಿಸಿದ. ಓದಿದ್ದು ಆ ಒಂದು ದಿನ. ಪೆಟ್ಟಿಗೆ ಬರುತ್ತಿದ್ದದ್ದು ದಿನಾ.

ಒಂದು ಭಾನುವಾರ ಅವನ ಸೋದರಮಾವ ಹರಿದಾಸರಾಯರು ಬೆಸೆಂಟ್ ನಗರದಿಂದ ಬಂದರು. ಬ್ಯಾಂಕಿನಲ್ಲಿ ದೊಡ್ಡ ಕೆಲಸದಲ್ಲಿದ್ದು ನಿವೃತ್ತರಾದವರು, ಗಟ್ಟಿ ದನಿ, ಅಕ್ಕನ ಮನೆಯಲ್ಲೂ ಅವರದೇ ದರ್ಬಾರು. ಅವತ್ತು ದನಿ ತಗ್ಗಿಸಿದ್ದರು. ಮಗಳು ವೃಂದಾಳಿಗೆ ತಿರುವಲ್ಲಿಕ್ಕೇಣಿಯ ಕಡೆಯ ಸಂಬಂಧವೊಂದು ಕೂಡಿಬಂದಿತ್ತು, ಜಾತಕ ಕಳಿಸಬೇಕಿತ್ತು. ಬಾಗಿಲು ಮುಂದೆ ಮಾಡಿ ಕಂಪ್ಯೂಟರಿನ ಎದುರು ಕೂತರು. ಒಂದು ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ಒತ್ತಿದರು. ಬಂದದ್ದು ಮೂಲಾ ನಕ್ಷತ್ರ, ಕೊನೆಯ ಪಾದ. ಮೂಲದ ಹೆಣ್ಣು ಮಾವನಿಗಾಗದು ಅನ್ನುವುದು ನಿಮಗೆ ಹೇಳಬೇಕೆ. ರಾಯರು ಹೊತ್ತನ್ನು ಕಾಲುಗಂಟೆ ಮುಂದಕ್ಕೆ ತಳ್ಳಿ ಒತ್ತಿದರು. ಮೂಲಾ. ಇನ್ನೊಂದು ಕಾಲುಗಂಟೆ. ಮೂಲಾ. ಕನ್ನಡಕ ಒರೆಸಿಕೊಂಡರು. ಪಕ್ಕದಲ್ಲಿ ನಿಂತಿದ್ದ ಸುಘೋಷನಿಗೆ ನಗು ಬಂತು, ಕನಿಕರವೂ ಬಂತು, ಈ ದೊಡ್ಡ ಮನುಷ್ಯ ಮಗಳನ್ನು ಹೆರಿಗೆಮನೆಯಲ್ಲೇ ಸ್ವಲ್ಪ ಹೊತ್ತು ತಡೆದು ನಿಲ್ಲಿಸುತ್ತಿದ್ದಾನಲ್ಲ ಅಂತ.

"ಏನ್ ಡಾ ನೋಡ್ತೀಯ," ಅಂದರು ರಾಯರು. "ಕಾಲು ಗಂಟೆ, ಅರ್ಧ ಗಂಟೆ ಸರಿಸಿ ನೋಡು ಅಂತ ಗುರುಚರಣನ್ನ ಕೇಳ್ದೆ. ಬರ್ಕೊಡಲ್ಲ ಅಂದ. ಹೊತ್ತು ದೇವರು ಕೊಟ್ಟದ್ದು, ನನ್ ಕೈಲಿ ಬದಲಾಯ್ಸಿಸ್ಬೇಡಿ, ಆದ್ರೆ ಯಾರ ಹತ್ರಾನೂ ಹೇಳಲ್ಲ ಅಂದ. ದೊಡ್ಡ ಹರಿಶ್ಚಂದ್ರ. ಇದು... ಇದೇನಾದ್ರೂ ಎಲ್ಲಾದ್ರೂ ನಿಂತ್ಕೊಳ್ಳುತ್ತಾ? ನಾನು ಒತ್ತಿದ್ದು?"

"ಇಲ್ಲ ಮಾಮಾ. ಎಷ್ಟು ಸಲ ಬೇಕಾದ್ರೂ ಒತ್ತಿ. ಈ ಸ್ಕ್ರೀನ್ ಬಿಟ್ಟು ಒಂದ್ ಅಕ್ಷರ ಆಚೆ ಹೋಗಲ್ಲ."

ಪೂರ್ವಾಷಾಢ ಬರುವ ತನಕ ಒತ್ತಿದರು. ಬಂದಾಗ ಉಸಿರು ಬಿಟ್ಟು, "ಶೆರಿ, ಇದನ್ನ ಪ್ರಿಂಟ್ ತೆಗಿ," ಅಂದರು. ಆ ಮಾತನ್ನು ಸುಘೋಷ ಆಮೇಲೆ ಎಷ್ಟೋ ಸಲ ನಾಲಿಗೆಯ ಮೇಲೆ ಹೊರಳಿಸಿದ. ಒಂದ್ ಅಕ್ಷರ ಆಚೆ ಹೋಗಲ್ಲ. ಹೇಳುವಾಗ ಅವನು ಸುಳ್ಳು ಹೇಳಿರಲಿಲ್ಲ. ಅವನು ಓದಿದ ದಿನ ಅದು ನಿಜ.

ನಿಶ್ಚಿತಾರ್ಥಕ್ಕೆ ಸೀರೆ ತೆಗೆದ ಮೇಲೆ ತಿರುವಲ್ಲಿಕ್ಕೇಣಿಯಿಂದ ಫೋನು ಬಂತು. ಗಂಡಿನ ತಾಯಿ. ರಾಯರ ಮನೆಯಲ್ಲಿ ಫೋನಿನ ಸ್ಪೀಕರು ಹಾಕಿತ್ತು, ಜಯಲಕ್ಷ್ಮೀಯೂ ಸುಘೋಷನೂ ಅಲ್ಲೇ ಇದ್ದರು. "ನಮ್ಮನೇಲಿ ಮಾವ ಅನ್ನಿಸಿಕೊಳ್ಳೋರು ಹಾರ್ಟಿಗೆ ಆಪರೇಷನ್ ಆಗಿ ಮಲಗಿದಾರೆ. ನೀವು ಹೊತ್ತು ಸರಿಸಿ ಜಾತಕ ಕಳ್ಸಿದೀರಿ. ಮೂಲಾ ಅಂತ ನೇರವಾಗಿ ಹೇಳಿದ್ರೆ ಯೋಚನೆ ಮಾಡ್ತಿದ್ವೋ ಏನೋ. ಯಾರು ಹೇಳಿದ್ರು ಅಂತ ಕೇಳ್ಬೇಡಿ, ಎಷ್ಟೆಷ್ಟು ಸರಿಸಿ ನೋಡಿದ್ರಿ ಅಂತ ಸಹ ತಿಳೀತು ನಮಗೆ." ಆ ಕಡೆಯವರು ಫೋನು ಇಟ್ಟ ಮೇಲೂ ರಾಯರು ಅದರ ಕಡೆಯೇ ನೋಡುತ್ತಿದ್ದರು. ವೃಂದಾ ಒಳಗಿನಿಂದ ಬಂದು, ಸ್ಪೀಕರಿನ ಗುಂಡಿ ಒತ್ತಿ ಆರಿಸಿ, ಮತ್ತೆ ಒಳಗೆ ಹೋದಳು. ಆಮೇಲೆ ರಾಯರು ಅಂದರು, "ಗುರುಚರಣ." ಅಷ್ಟೇ. ಗೊತ್ತಿದ್ದವರು ಇಬ್ಬರೇ, ತಾನು ಮತ್ತು ಆಚಾರ್ಯ. ಸುಘೋಷನನ್ನು ಅವರು ಲೆಕ್ಕಕ್ಕೇ ಹಿಡಿದಿರಲಿಲ್ಲ. ಮನೆಹುಡುಗ, ಪ್ರಿಂಟು ತೆಗೆದುಕೊಟ್ಟವನು.

ಮರುದಿನ ಊಟದ ಹೊತ್ತಿನಲ್ಲಿ ಪೆರುಂಗುಡಿಯ ಆಫೀಸಿನಲ್ಲಿ ಅವನು ಸುಮ್ಮನೆ ವೃಂದಾಳ ಹೆಸರನ್ನು ಹುಡುಕಿ ನೋಡಿದ. ಮೊದಲನೆಯದೇ ಸಿಕ್ಕಿತು. ಯಾವುದೋ ಬಣ್ಣಬಣ್ಣದ ಪುಟ, ಮದುವೆಯ ಜಾಹೀರಾತುಗಳ ನಡುವೆ ಜಾತಕಗಳು. ವೃಂದಾ ಹರಿದಾಸ, ಅದೇ ದಿನ, ಅದೇ ಊರು, ಹೊತ್ತು ಮಾತ್ರ ಮೆಟ್ಟಿಲ ಹಾಗೆ ಒಂದರ ಕೆಳಗೆ ಒಂದು ಮುಂದಕ್ಕೆ ಹೋಗಿತ್ತು. ಮಾವನ ಒಂದು ಬೆರಳು ಕಣ್ಣಿಗೆ ಕಟ್ಟಿದ ಹಾಗಿತ್ತು. ಪಕ್ಕದ ಮೇಜಿನ ರಘು, ಮಂಡ್ಯದ ಕಡೆಯ ಹುಡುಗ, ಬಂದು ವರ್ಷವಾಗಿರಲಿಲ್ಲ, ಮೊಸರನ್ನದ ಡಬ್ಬಿ ಹಿಡಿದು ಬಗ್ಗಿ ನೋಡಿದ. ಅವನೇ ಆ ಎರಡು ಸಾಲನ್ನು ಬಿಚ್ಚಿ ಓದಿದ್ದು.

"ಲೋ, ಇದನ್ನ ಮಾಡ್ದೋನು ತನ್ ಸೈಟಿನ ಹೆಸರಿಗೆ ದುಡ್ ಕಟ್ದೆ ಕೈಬಿಟ್ಟು ಹೋಗವ್ನೆ. ಡೊಮೇನ್ ಇನ್ಯಾವನೋ ತಗೊಂಡವ್ನೆ," ಅಂದ ರಘು. "ನಿನ್ ಪೇಜು ಅದೇ ಅಡ್ರೆಸ್ಸಿಗೋಗಿ ತತ್ತಾ ಅಂತ ಕೇಳ್ತದೆ, ಇವ್ನು ತನ್ ಮಾಲು ಕೊಟ್ಟು ಕಳಿಸ್ತಾವ್ನೆ. ನೋಡಿಲ್ಲಿ, ಜಾತಕ ಅಷ್ಟೇ ಅಲ್ಲ ಗುರು, ಆ ಪುಟದಲ್ಲಿ ಯಾರು ಏನ್ ಒತ್ತಿದ್ರೂ ಎತ್ಕೊಂಡೋಗ್ತದೆ. ಪಾಸ್‌ವರ್ಡೂ ಸೇರಿ. ಮನೆ ಒಳಗೆ ಬಿಟ್ಕೊಂಡ್ಮೇಲೆ ಮನೆಯೋನಿಗೆ ಏನೇನ್ ಕಾಣ್ತದೋ ಅದೆಲ್ಲ ಅವ್ನಿಗೂ ಕಾಣ್ತದಲ್ಲ. ಅಲ್ಲಾ, ಕಳೆದ ತಿಂಗ್ಳು ಮೀಟಿಂಗಲ್ಲಿ ನಮಗೆಲ್ಲ ಪಾಠ ಹೇಳ್ದೋನು ನೀನೇ ತಾನೆ?"

ಹೇಳಿದ್ದು ಅವನೇ. ಅಮೆರಿಕದ ಅಂಗಡಿಯೊಂದರ ಸೈಟಿನಲ್ಲಿ ಗಿರಾಕಿ ಕಾರ್ಡಿನ ನಂಬರು ಬರೆಯುವ ಪುಟಕ್ಕೆ ಹೊರಗಿನವರ ಸ್ಕ್ರಿಪ್ಟು, ಅಂದರೆ ಇಂಥವೇ ಸಾಲು, ಹಾಕಬಾರದು, ಇವತ್ತು ಒಳ್ಳೆಯದಿದ್ದದ್ದು ನಾಳೆ ಇನ್ನೊಬ್ಬರ ಕೈಯಲ್ಲಿರಬಹುದು ಅಂತ ಅವನು ಬರೆದುಕೊಟ್ಟಿದ್ದ. ಮ್ಯಾನೇಜರು ಎಲ್ಲರೆದುರು ಕೈ ಕುಲುಕಿದ್ದ. ಅಮೆರಿಕದವರ ಅಂಗಡಿಗೆ ಇದ್ದ ಮಡಿ ತನ್ನ ಜನದ ಮನೆಗೆ ಬೇಡವಾಗಿತ್ತು. ಅದು ಸೇವೆ, ಪುರುಸೊತ್ತಿನ ಕೆಲಸ, ನಮ್ಮವರು ತಾನೆ, ಏನಾಗುತ್ತದೆ. ಮೊಸರನ್ನದ ಹುಳಿವಾಸನೆ ಮೂಗಿಗೆ ಬಂತು, ಎದ್ದು ಹೋಗಿ ಮುಖ ತೊಳೆದುಕೊಂಡ. ಸಾಯಂಕಾಲ ಎರಡೂ ಸಾಲನ್ನು ಅಳಿಸಿದ. ಬಳಗದವರಿಗೆ, ಎಲ್ಲರೂ ಪಾಸ್‌ವರ್ಡು ಬದಲಾಯಿಸಿ ಅಂತ ಒಂದು ಮಾತು ಹಾಕಬೇಕಿತ್ತು. ಹಾಕಿದರೆ ಯಾಕೆ ಅಂತ ಕೇಳುತ್ತಿದ್ದರು. ಹಾಕಲಿಲ್ಲ. ಜಾತಕದ ಪೆಟ್ಟಿಗೆ ಎಲ್ಲಿ ಹೋಯಿತಪ್ಪ ಅಂತ ಒಬ್ಬ ಮುದುಕರು ಕೇಳಿದ್ದಕ್ಕೆ, ರಿಪೇರಿಗೆ ಇದೆ ಅಂದ.

ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಅಂತ ಅವನಿಗೆ ನಿಜವಾಗಿಯೂ ಇತ್ತು, ಇಲ್ಲ ಅನ್ನಬೇಡಿ. ಗುರುಚರಣಾಚಾರ್ಯರನ್ನು ಯಾರೂ ಕರೆದು ಕೇಳಲಿಲ್ಲ, ಬೈಯಲಿಲ್ಲ. ಕೇಳಿದ್ದರೆ ಉತ್ತರ ಹೇಳುವುದಕ್ಕಾದರೂ ಒಂದು ಅವಕಾಶ ಸಿಗುತ್ತಿತ್ತು. ಮನೆಗಳು ಒಂದೊಂದಾಗಿ ಸುಮ್ಮನಾದವು. ಈ ಸಲ ಬೇರೆಯವರಿಗೆ ಹೇಳಿದೀವಿ ಆಚಾರ್ರೇ. ನಾವು ಈ ವರ್ಷ ಮಠದಲ್ಲೇ ಮಾಡಿಸ್ತೀವಿ ಆಚಾರ್ರೇ. ಮನೆಯ ಒಳಗಿನದನ್ನು ಹೊರಗೆ ಹಾಕುವವನು ಅಂತ ಒಮ್ಮೆ ಹೆಸರು ಬಂದರೆ ಪುರೋಹಿತನಿಗೆ ಬೀದಿಯಲ್ಲಿ ಎದುರಾದವರು ಸಹ ಚಪ್ಪಲಿ ನೋಡಿಕೊಂಡು ಹೋಗುತ್ತಾರೆ. ಸುಘೋಷನೂ ನೋಡಿಕೊಂಡು ಹೋದ. ಒಂದು ಸಲ ಕೊಳದ ಹತ್ತಿರ ಬಸ್ಸಿಗೆ ಕಾಯುತ್ತಿದ್ದಾಗ ಅವರು ಬರುವುದು ಕಂಡು, ಎಲ್ಲಿಗೆ ಹೋಗುತ್ತದೆ ಅಂತ ನೋಡದೆ ಮೊದಲು ಬಂದ ಬಸ್ಸು ಹತ್ತಿದ್ದ. ಕಂಡಕ್ಟರು ಎಲ್ಲಿಗೆ ಅಂತ ಕೇಳಿದಾಗ ಕೈಯಲ್ಲಿ ಮುಂದಕ್ಕೆ ತೋರಿಸಿದ, ಬಸ್ಸಿನವರು ನಕ್ಕರು.

ಅಷ್ಟರಲ್ಲಿ ಇನ್ನೊಂದು ಸೇರಿಕೊಂಡಿತು. ಒಂದು ಸಾಯಂಕಾಲ ಜಯಲಕ್ಷ್ಮೀ ಹೂ ಕಟ್ಟುತ್ತಾ, ದಾರದ ಕಡೆಯೇ ನೋಡುತ್ತಾ ಹೇಳಿದರು. "ಹರಿ ಬಂದಿದ್ದ. ವೃಂದಾನ್ನ ನಮ್ಮನೆಗೇ ತಂದ್ಕೊಳ್ಳೋಣಾಂತ. ಸೋದರಮಾವನ ಮಗಳು, ಮುರೇ ಇದೆ, ವರಸೆ ಆಗುತ್ತೆ. ಮೂಲಾ ಆದ್ರೆ ಮಾವಂಗೆ ತಾನೆ ಆಗ್ಬಾರ್ದು? ನಮ್ಮನೇಲಿ ಮಾವ ಎಲ್ಲಿದಾರೆ." ಹೂವಿನ ಗಂಟು ಹಲ್ಲಿನಿಂದ ಬಿಗಿದು, "ನಿಮ್ಮಪ್ಪ ಹೋಗಿದ್ದು ಒಬ್ಬರಿಗಾದ್ರೂ ಉಪಯೋಗ ಆಗ್ಲಿ," ಅಂದರು. ಹೇಳಿದ ರೀತಿಯಲ್ಲಿ ನಗು ಇತ್ತೋ ಅಳು ಇತ್ತೋ ಅವನಿಗೆ ತಿಳಿಯಲಿಲ್ಲ. ವೃಂದಾಳನ್ನು ಅವಳ ಹದಿನೈದನೆಯ ವಯಸ್ಸಿನಿಂದ ಮನಸ್ಸಿನಲ್ಲಿ ಇಟ್ಟುಕೊಂಡವನು ಅವನು, ಕೇಳಲು ಧೈರ್ಯ ಇಲ್ಲದೆ ಬಿಟ್ಟವನು. ಬೇಡ ಅನ್ನಲಿಲ್ಲ. ಆಗ ಅವನಿಗೆ ತಿಳಿಯಿತು, ಇನ್ನು ಹೇಳುವ ಹಾಗಿಲ್ಲ ಅಂತ. ಮೊದಲೇ ಹೇಳಿದ್ದರೆ ಅದು ತಪ್ಪು. ಈಗ ಹೇಳಿದರೆ ಅದು ಸಂಚು. ಮಾವನಿಲ್ಲದ ಮನೆಯ ಹುಡುಗ, ಹುಡುಗಿಗಾಗಿ ಹುಡುಗಿಯ ಜಾತಕವನ್ನು ಊರಿಗೆ ಹಂಚಿದ ಅಂತ ಯಾರು ಬೇಕಾದರೂ ಹೇಳಬಹುದು, ಮತ್ತು ವೃಂದಾ ಅದನ್ನು ನಂಬಬಹುದು. ಎಲಿಯಟ್ಸ್ ಬೀಚಿನಲ್ಲಿ ಒಂದು ಸಂಜೆ ಅವಳು ಪಕ್ಕದಲ್ಲಿ ನಡೆಯುತ್ತಾ ಹೇಳಿದ್ದಳು, "ಆ ಸಂಬಂಧ ತಪ್ಪಿದ್ದು ನಂಗೇನೂ ದುಃಖ ಇಲ್ಲ. ಆದ್ರೆ ಅಪ್ಪ ಒಂದೊಂದೇ ನಿಮಿಷ ಜರುಗಿಸ್ತಾ ಕೂತಿದ್ದನ್ನ ಊರೆಲ್ಲ ಆಡ್ಕೊಳ್ತಲ್ಲ. ನಾನು ಹುಟ್ಟಿದ್ದಕ್ಕೇ ಅವರಿಗೆ ಅಷ್ಟು ನಾಚ್ಕೆ ಆಯ್ತು ಅಂತ. ಅದನ್ನ ಹೊರಗೆ ಹಾಕ್ದೋರ ಮುಖ ಒಂದ್ಸಲ ನೋಡ್ಬೇಕು ನಂಗೆ, ಅಷ್ಟೇ." ಅವನು ಅವಳ ಪಕ್ಕಕ್ಕೇ ಇದ್ದ. ಮುಖವನ್ನು ಅಲೆಗಳ ಕಡೆಗೆ ತಿರುಗಿಸಿದ್ದ.

"ಜನಿವಾರ ಅಪಸವ್ಯ ಮಾಡ್ಕೊಳ್ಳಿ," ಅಂದರು ತಿರುಮಲಾಚಾರ್. ಬಲ ಹೆಗಲಿಗೆ ಹಾಕಿಕೊಂಡ. ಬಚ್ಚಲಮನೆಯ ಮುಂದಿನ ಇಕ್ಕಟ್ಟಿನಲ್ಲಿ ಸಗಣಿಯಿಂದ ದೇವತೆಗಳಿಗೆ ಒಂದು ಚೌಕ, ಪಿತೃಗಳಿಗೆ ಒಂದು ದುಂಡು ಬಳಿದಿತ್ತು. ಚೌಕದಲ್ಲಿ ಮುದುಕರ ಕಾಲು ತೊಳೆದಾಯಿತು. ಆಮೇಲೆ ಗುರುಚರಣಾಚಾರ್ಯರು ಬಂದು ದುಂಡಿನಲ್ಲಿ ಕಾಲಿಟ್ಟು ಮಣೆಯ ಮೇಲೆ ಕೂತರು. ಸುಘೋಷ ಮಂಡಿಯೂರಿದ. ಹಿಮ್ಮಡಿ ಬಿರುಕುಬಿಟ್ಟಿತ್ತು, ಬಲಗಾಲಿನ ಹೆಬ್ಬೆರಳಿನ ಉಗುರು ಕಪ್ಪಾಗಿತ್ತು. ಈ ಕಾಲುಗಳನ್ನು ಅವನು ಉಪನಯನದ ದಿನ ಮುಟ್ಟಿ ನಮಸ್ಕಾರ ಮಾಡಿದ್ದ, ಆಗ ಅವು ತುಂಬ ದೊಡ್ಡದಾಗಿ ಕಂಡಿದ್ದವು. ತಿರುಮಲಾಚಾರ್ ಅವರ ಸೊಂಟದಲ್ಲಿ ಮೊಬೈಲು ಗುಂಯ್‌ಗುಟ್ಟಿತು. ಮಂತ್ರ ನಿಲ್ಲಿಸಿ, ಮುಂದಿನ ಮನೆಯವರಿರಬೇಕು, ಬಾಲ್ಕನಿಗೆ ಹೋದರು. ನೀರಿನ ತಂಬಿಗೆ ಸುಘೋಷನ ಕೈಯಲ್ಲಿ ಬಗ್ಗಿದ್ದು ಹಾಗೇ ನಿಂತಿತು.

"ಆಚಾರ್ರೇ," ಅಂದ. "ಹೇಳಿದ್ದು ನೀವಲ್ಲ ಅಂತ ನಂಗೊತ್ತು. ಹೋಗಿದ್ದು ನನ್ನಿಂದ. ಬಳಗದ ಪೇಜಲ್ಲಿ ಜಾತಕದ ಪೆಟ್ಟಿಗೆ ಹಾಕಿದ್ನಲ್ಲ, ಅದು ಬೇರೆಯವರ ಕೈಗೆ ಹೋಗಿತ್ತು. ಮಾಮಾ ಒತ್ತಿದ್ದೆಲ್ಲ ಅಲ್ಲಿಂದ ಹೊರಗೆ ಹೋಯ್ತು."

ಕಾಲುಗಳು ಅಲ್ಲಾಡಲಿಲ್ಲ.

"ನಿನಗೆ ಯಾವಾಗ ಗೊತ್ತಾಯ್ತು?"

"ಮಾಘದಲ್ಲಿ."

"ಇದು ಭಾದ್ರಪದ," ಅಂದರು. ಬಾಲ್ಕನಿಯಿಂದ ತಿರುಮಲಾಚಾರ್ ತಮಿಳಿನಲ್ಲಿ ಯಾರಿಗೋ ಸಮಾಧಾನ ಹೇಳುತ್ತಿದ್ದದ್ದು ಕೇಳಿಸುತ್ತಿತ್ತು. "ನೀರು ಹಾಕು, ಸಗಣಿ ಒಣಗುತ್ತೆ. ನೋಡು ಸುಘೋಷ, ಇಲ್ಲಿ ಕೂತಿರೋ ತನಕ ನಾನು ಗುರುಚರಣ ಅಲ್ಲ ಕಣೋ. ನಿಮ್ಮಪ್ಪ. ಅವನಿಗೆ ಹೇಳೋದಿದ್ರೆ ಈಗ ಹೇಳ್ಕೋ. ಗುರುಚರಣಂಗೆ ಹೇಳೋದಾದ್ರೆ, ಉಂಡು ಕೈ ತೊಳೆದು ಎದ್ದ ಮೇಲೆ, ನಾಲ್ಕು ಜನ ಕೇಳೋ ಹಾಗೆ ಹೇಳು. ಬಚ್ಚಲಲ್ಲಿ ಹೇಳಿದ್ದು ಬಚ್ಚಲಿಗೇ ಹರಿದು ಹೋಗುತ್ತೆ."

ನೀರು ಹಾಕಿದ. ಎರಡೂ ಕೈಯಲ್ಲಿ ಹಿಮ್ಮಡಿ ಉಜ್ಜಿದ. ಅಪ್ಪನ ಹಿಮ್ಮಡಿಯೂ ಬಿರುಕು ಬಿಟ್ಟಿತ್ತೇ ಅಂತ ನೆನಪು ಮಾಡಿಕೊಳ್ಳಲು ನೋಡಿದ, ಆಗಲಿಲ್ಲ. ಅಪ್ಪನ ಮುಖ ಸಹ ಬರಲಿಲ್ಲ. ಬಂದದ್ದು ಬಸ್ಸಿನಲ್ಲಿ ನಕ್ಕವರ ಮುಖ.

ಎಲೆ ಹಾಕಿದರು. ಪಿತೃಸ್ಥಾನದಲ್ಲಿ ಕೂತವರು ಉಣ್ಣುವಾಗ ಮಾತಾಡುವ ಹಾಗಿಲ್ಲ, ಚೆನ್ನಾಗಿದೆ ಅನ್ನುವ ಹಾಗಿಲ್ಲ, ಉಪ್ಪು ಕಡಿಮೆ ಅನ್ನುವ ಹಾಗಿಲ್ಲ. ಬೇಕಾದದ್ದಕ್ಕೆ ಕೈಸನ್ನೆ. ಸುಘೋಷ ಎದುರಿಗೆ ಕೈ ಮುಗಿದು ನಿಂತಿದ್ದ. ಗುರುಚರಣಾಚಾರ್ಯರು ಅನ್ನ ಕಲಸಿ ಉಂಡರು, ಹಾಗಲಕಾಯಿ ಉಂಡರು, ವಡೆ ಮುರಿದು ಪಾಯಸದಲ್ಲಿ ಅದ್ದಿ ಉಂಡರು. ಜಯಲಕ್ಷ್ಮೀ ಮತ್ತೆ ಬಡಿಸಲು ಬಂದಾಗ ಕೈ ಅಡ್ಡ ಹಿಡಿಯಲಿಲ್ಲ. ಮತ್ತೂ ಬಡಿಸಿದರು, ಮತ್ತೂ ಉಂಡರು. ಹಲ್ಲಿಲ್ಲದ ಮುದುಕರು ಎಂದೋ ಮುಗಿಸಿ ಕಾಯುತ್ತಿದ್ದರು. ಮೊದಲು ಸುಘೋಷನಿಗೆ, ಇವರು ಬೇಕೆಂದೇ ಹೊತ್ತು ಕಳೆಯುತ್ತಿದ್ದಾರೆ, ತನ್ನನ್ನು ನಿಲ್ಲಿಸಿ ನೋಡುತ್ತಿದ್ದಾರೆ ಅನ್ನಿಸಿತು. ಆಮೇಲೆ ಅವರ ಕುತ್ತಿಗೆಯ ಮೂಳೆ ಕಂಡಿತು. ತುತ್ತು ಇಳಿದಾಗಲೆಲ್ಲ ಅದು ಮೇಲೆ ಕೆಳಗೆ ಹೋಗುತ್ತಿತ್ತು. ಹಸಿವು. ಬರೀ ಹಸಿವು. ತನ್ನ ಮೇಲೆ ಸೇಡಿಲ್ಲ, ತನ್ನ ನೆನಪೂ ಈಗ ಅವರಿಗಿಲ್ಲ, ಎಲೆಯ ಮೇಲಿನ ಅನ್ನ ಬಿಟ್ಟು ಬೇರೆ ಏನೂ ಇಲ್ಲ. ಅವನ ಕಣ್ಣಿಗೆ ಕತ್ತಲೆ ಬಂದ ಹಾಗಾಯಿತು, ಗೋಡೆ ಹಿಡಿಯಲು ಹೋಗಿ ಕೈ ಹಿಂದಕ್ಕೆ ತೆಗೆದುಕೊಂಡ.

"ತೃಪ್ತಾಃ ಸ್ಥ ಅಂತ ಕೇಳಿ," ಅಂದರು ತಿರುಮಲಾಚಾರ್, ಗಡಿಯಾರ ನೋಡುತ್ತಾ. ತೃಪ್ತರಾದಿರಾ ಅಂತ ಅರ್ಥ. ಮಗ ಕೇಳಬೇಕು, ಅಪ್ಪನ ಜಾಗದಲ್ಲಿ ಕೂತವರು ತೃಪ್ತರಾದೆವು ಅನ್ನಬೇಕು. ಬೇರೆ ಉತ್ತರ ಶಾಸ್ತ್ರದಲ್ಲಿಲ್ಲ. ಸುಘೋಷ ಕೇಳಿದ. ಆಚಾರ್ಯರು ಎಲೆಯ ಮೇಲೆ ಉಳಿದ ಅಗುಳುಗಳನ್ನು ಬೆರಳಿನಿಂದ ಒಂದು ಕಡೆ ಗುಡ್ಡೆ ಮಾಡಿದರು. ತಿರುಮಲಾಚಾರ್ ಕೆಮ್ಮಿದರು. ಅಡುಗೆಮನೆಯ ಬಾಗಿಲಲ್ಲಿ ಬಳೆಯಿಲ್ಲದ ಕೈಯೊಂದು ಚೌಕಟ್ಟು ಹಿಡಿಯಿತು. ಇವರು ಇಲ್ಲ ಅಂದುಬಿಡಲಿ, ಶ್ರಾದ್ಧ ಕೆಡಲಿ, ಎಲ್ಲರೂ ಯಾಕೆ ಅಂತ ಕೇಳಲಿ, ಆಗ ನಾನು ಹೇಳಲೇಬೇಕಾಗುತ್ತದೆ ಅಂತ ಸುಘೋಷ ಆ ಗಳಿಗೆಯಲ್ಲಿ ದೇವರನ್ನು ಬೇಡಿಕೊಂಡ. ಅವರೇ ತನ್ನ ಕೆಲಸ ಮಾಡಿಕೊಡಲಿ ಅಂತ. "ತೃಪ್ತಾಃ ಸ್ಮಃ," ಅಂದರು ಆಚಾರ್ಯರು, ಸ್ವರ ತಪ್ಪದೆ, ಪುರೋಹಿತರ ದನಿಯಲ್ಲಿ. ಉಳಿದ ಅನ್ನವನ್ನು ಏನು ಮಾಡಲಿ ಅಂತ ಮಗ ಕೇಳಬೇಕು. ಕೇಳಿದ. ನಿನಗೆ ಇಷ್ಟರಾದವರ ಜೊತೆ ಕೂತು ಉಣ್ಣು ಅಂತ ಹೇಳಬೇಕು. ಹೇಳಿದರು.

ಆ ಇಷ್ಟರು ಬಾಗಿಲಿಗೆ ಬಂದೇ ಬಿಟ್ಟಿದ್ದರು. ಹರಿದಾಸರಾಯರು, ವೃಂದಾ, ಬಳಗದ ಇಬ್ಬರು ಹಿರಿಯರು. ಪಿಂಡಪ್ರದಾನ ಮುಗಿಯುವ ತನಕ ಬಾಲ್ಕನಿಯಲ್ಲಿ ನಿಂತಿದ್ದು, ಆಚಾರ್ಯರು ದಕ್ಷಿಣೆಯನ್ನು ಉತ್ತರೀಯದ ತುದಿಗೆ ಕಟ್ಟಿಕೊಂಡು ಹೊರಡುವಾಗ ಹಜಾರಕ್ಕೆ ಬಂದರು. ರಾಯರು ನೋಡಿದರು, ಬಳಗದವರ ಕಡೆ ತಿರುಗಿದರು. "ಓ, ಇವರನ್ನ ಕೂರಿಸಿದ್ರಾ ಅಕ್ಕಾ. ಒಳ್ಳೇದಾಯ್ತು. ಪಿತೃಸ್ಥಾನದಲ್ಲಾದ್ರೆ ಬಾಯಿ ಬಿಡೋ ಹಾಗಿಲ್ಲ, ಅಷ್ಟು ಹೊತ್ತಾದ್ರೂ ನಮಗೆ ನೆಮ್ಮದಿ." ಒಬ್ಬ ಹಿರಿಯರು ನಕ್ಕರು. ಇನ್ನೊಬ್ಬರು ನಗದೆ ಚಪ್ಪಲಿಯ ಕಡೆ ನೋಡಿದರು. ಗುರುಚರಣಾಚಾರ್ಯರು ದೂರದಲ್ಲಿ ಬಿಟ್ಟಿದ್ದ ಚಪ್ಪಲಿಯ ಹತ್ತಿರ ಹೋಗಿ, ಒಂದು ಕಾಲು ಹಾಕಿ, ಬಾರು ಸರಿಮಾಡಿಕೊಂಡರು. ಇನ್ನೊಂದು ಕಾಲು ಹಾಕಲಿಲ್ಲ. ಕಾದರು. ನಾಲ್ಕು ಜನ ಇದ್ದರು. ಕೈ ತೊಳೆದಾಗಿತ್ತು. ವೃಂದಾ ಅತ್ತೆಯ ಕೈಯಿಂದ ನೀರಿನ ಚೊಂಬು ಇಸಿದುಕೊಳ್ಳುತ್ತಾ ಸುಘೋಷನ ಮುಖ ನೋಡಿದಳು. ಅವನು ಏನೋ ಹೇಳಲು ಹೊರಟಿದ್ದಾನೆ ಅಂತ ಅವಳಿಗೆ ಕಂಡಿತ್ತು.

"ಆಚಾರ್ರೇ," ಅಂದ ಸುಘೋಷ.

ಎಲ್ಲರೂ ತಿರುಗಿದರು.

"ಬಿಸಿಲು ಜಾಸ್ತಿ ಇದೆ. ಕೊಡೆ ಕೊಡ್ಲಾ?"

ಗುರುಚರಣಾಚಾರ್ಯರು ಇನ್ನೊಂದು ಚಪ್ಪಲಿ ಹಾಕಿಕೊಂಡರು. "ಬೇಡಪ್ಪ," ಅಂದರು. "ನಿಮ್ಮಪ್ಪ ಆಗ್ಲೇ ಹೊರಟುಹೋದ." ಮೆಟ್ಟಿಲು ಇಳಿದರು. ಒಳಗಿನಿಂದ ಜಯಲಕ್ಷ್ಮೀ, ವಿಜಯದಶಮಿಗೆ ತಾಂಬೂಲ ಬದಲಾಯಿಸಿಕೊಳ್ಳುವ ಮಾತೆತ್ತಿ, ಎಲ್ಲರನ್ನೂ ಎಲೆಗೆ ಕರೆದರು. ಸುಘೋಷ ಮಾವನ ಪಕ್ಕದಲ್ಲಿ ಕೂತ. ಬೆಳಗಿನಿಂದ ಉಪವಾಸ ಇದ್ದವನು, ಎರಡು ಸಲ ಬಡಿಸಿಕೊಂಡು ಉಂಡ.

ಸುಘೋಷನಿಗೂ ವೃಂದಾಳಿಗೂ ಮದುವೆ ಆಯಿತು. ಬಳಗದ ಆ ಸೈಟು ಮುಚ್ಚಿತು. ಗುರುಚರಣಾಚಾರ್ಯರು ಆ ಚಳಿಗಾಲಕ್ಕೆ ಮೈಲಾಪೂರ ಬಿಟ್ಟರು, ಕುಂಭಕೋಣದ ಕಡೆ ಯಾವುದೋ ಛತ್ರದಲ್ಲಿ ಪಿತೃಸ್ಥಾನಕ್ಕೆ ಕೂರುತ್ತಾ ಅಲ್ಲೇ ತೀರಿಕೊಂಡರು. ಹೋಗುವ ತನಕ ಬಾಯಿ ಬಿಡಲಿಲ್ಲ. ನಮ್ಮ ಜನರ ಬಾಯಲ್ಲಿ ಅವರು ಇವತ್ತಿಗೂ ಮನೆಮಾತು ಹೊರಗೆ ಹಾಕಿದ ಆಚಾರ್ಯ. ಅವರ ಕಿವಿಗೆ ಇನ್ನು ಬೀಳುವುದಿಲ್ಲ, ಉಳಿದವರ ಕಿವಿಗಾದರೂ ಬೀಳಲಿ. ಅದಕ್ಕೇ ಇಷ್ಟು ಹೊತ್ತು ಗಂಟಲು ಒಣಗಿಸಿಕೊಂಡೆ. ಇದನ್ನು ಕೇಳಿ ಅಳಿಸಬೇಡಿ, ಮುಂದಕ್ಕೆ ಕಳಿಸಿ. ಮಾಂಬಲದವರಿಗೆ ಕಳಿಸಿ, ತಿರುವಲ್ಲಿಕ್ಕೇಣಿಯವರಿಗೆ ಕಳಿಸಿ, ಅಮೆರಿಕದಲ್ಲಿರುವ ನಿಮ್ಮ ಮೊಮ್ಮಕ್ಕಳಿಗೆ ಕನ್ನಡ ಬರದಿದ್ದರೆ ನೀವೇ ಬಿಡಿಸಿ ಹೇಳಿ. ಗುರುಚರಣಾಚಾರ್ಯರು ಹೇಳಿರಲಿಲ್ಲ ಅಂತ ಹೇಳಿ. ಗಂಡ ಹೆಂಡತಿ ಈಗ ಇರುವ ಬೆಸೆಂಟ್ ನಗರದ ಮನೆಗೂ ಕಳಿಸಿ. ವೃಂದಾ ಕೇಳಿದರೆ ಕೇಳಲಿ.